ಸೋಮವಾರ ಬೆಳಿಗ್ಗೆ ಕಥೆ ಹೇಳಬೇಕಂತೆ. ಫೌಂಡ್ರಿಯಲ್ಲಿ ಎಂತ ಕಥೆ ಹೇಳೋದು?

ಮಾಚೇನಹಳ್ಳಿ ಶಿಫ್ಟು · ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ-ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಶಿಫ್ಟ್ ನೋಡಿಕೊಳ್ಳುತ್ತೇನೆ. ಕಂಪನಿ ಹೆಸರು ಕೇಳಬೇಡಿ. ನಮ್ಮ ಯಜಮಾನರು ಹೋದ ತಿಂಗಳು ಬೆಂಗಳೂರಿನಲ್ಲಿ ಎರಡು ದಿನದ ಟ್ರೈನಿಂಗ್ ಮುಗಿಸಿ ಬಂದರು. ಬಂದವರೇ ಮೀಟಿಂಗ್ ಕರೆದು, ನೋಟಿಸ್ ಬೋರ್ಡಿನ ಕಾಲ ಮುಗಿಯಿತು, ಇನ್ನು ಕೆಲಸಗಾರರಿಗೆ ಕಥೆ ಹೇಳಬೇಕು ಅಂದರು. ಕಥೆ ಕೇಳಿದ ಜನ ಕಂಪನಿಯನ್ನು ತಮ್ಮದು ಅಂದುಕೊಳ್ಳುತ್ತಾರಂತೆ. ಪ್ರತಿ ಸೋಮವಾರ, ಆರು ಗಂಟೆ ಶಿಫ್ಟಿಗೆ ಮೊದಲು ಹತ್ತು ನಿಮಿಷ.

ನಿನ್ನೆ ಮೊದಲ ಕಥೆ ಆಯಿತು. ಯಜಮಾನರೇ ಹೇಳಿದರು. ಹಳೇ ಸ್ಕೂಟರಿನ ಮುಂದೆ ಕಾಸ್ಟಿಂಗ್ ಸ್ಯಾಂಪಲ್ ಇಟ್ಟುಕೊಂಡು ಹುಬ್ಬಳ್ಳಿ ತನಕ ಹೋಗಿ ಮೊದಲ ಆರ್ಡರ್ ತಂದದ್ದು. ಸುಳ್ಳಲ್ಲ, ನಿಜವಾಗಿ ಕಷ್ಟಪಟ್ಟವರೇ. ಆದರೆ ಅಲ್ಲಿ ನಿಂತಿದ್ದ ಅರವತ್ತು ಜನರಲ್ಲಿ ಹತ್ತಿರ ಅರ್ಧ ಬಿಹಾರ, ಒಡಿಶಾದ ಹುಡುಗರು. ಅವರಿಗೆ ಕನ್ನಡ 'ಊಟ ಆಯ್ತಾ' ತನಕ ಮಾತ್ರ. ಉಳಿದವರಿಗೆ ಎರಡು ತಿಂಗಳ ಓವರ್‌ಟೈಮ್ ದುಡ್ಡು ಬಾಕಿ ಇದೆ. ಹಿಂದಿನ ಸಾಲಿನಲ್ಲಿ ಒಬ್ಬ ಮೆಲ್ಲಗೆ, 'ಸ್ಕೂಟರ್ ಕಥೆ ಆಯ್ತು, ಓಟಿ ಕಥೆ ಯಾವಾಗ?' ಅಂದ. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು.

ಮುಂದಿನ ಸೋಮವಾರ ನನ್ನ ಪಾಳಿ. ನನಗೆ ಕಥೆ ಗಿಥೆ ಬರೋದಿಲ್ಲ. ಏನು ಹೇಳಲಿ?

ಸುಮ್ನೆ ಓದುವವ · ಮಂಗಳವಾರ, ರಾತ್ರಿ 9:52

ಮೊದಲು ಓಟಿ ಕೊಡಲಿ. ಅದಕ್ಕಿಂತ ಒಳ್ಳೇ ಕಥೆ ಇಲ್ಲ. ಅಂದ ಹಾಗೆ, ಶಿಫ್ಟಿಗೆ ಮೊದಲಿನ ಆ ಹತ್ತು ನಿಮಿಷಕ್ಕೆ ಸಂಬಳ ಇದೆಯಾ?

ಮಾಚೇನಹಳ್ಳಿ ಶಿಫ್ಟು · ಮಂಗಳವಾರ, ರಾತ್ರಿ 9:55

ಇಲ್ಲ.

ಸುಮ್ನೆ ಓದುವವ · ಮಂಗಳವಾರ, ರಾತ್ರಿ 9:56

ಅಲ್ಲಿಗೆ ಮುಗಿಯಿತು.

ಸಾಗರದ ಭಾವ · ಮಂಗಳವಾರ, ರಾತ್ರಿ 10:30

ಮುಗಿಯಲಿಲ್ಲ, ಸ್ವಲ್ಪ ತಡೆಯಿರಿ.

ನಮ್ಮ ಕಡೆ ಮಳೆಗಾಲ ಅಂದರೆ ತಾಳಮದ್ದಲೆ. ಯಕ್ಷಗಾನದ ಆಟಕ್ಕೆ ಬಯಲು ಬೇಕು, ತಾಳಮದ್ದಲೆಗೆ ಜಗಲಿ ಸಾಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿ ಕುಳಿತಲ್ಲೇ ಆ ಪದಕ್ಕೆ ಮಾತು ಕಟ್ಟುತ್ತಾನೆ. ಪದ ಮಾತ್ರ ಬರೆದದ್ದು, ಮಾತು ಅವನದೇ. ಕೃಷ್ಣ ಸಂಧಾನದ ಪ್ರಸಂಗವನ್ನೇ ತೆಗೆದುಕೊಳ್ಳಿ. ಸಂಧಾನ ಮುರಿಯುತ್ತದೆ, ಯುದ್ಧ ಆಗುತ್ತದೆ ಅಂತ ಕವಳ ಹಾಕಿಕೊಂಡು ಕೂತ ಎಲ್ಲರಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಯಾಕೆ? ಕೃಷ್ಣ ಇಷ್ಟು ಹೇಳಿದ್ದಕ್ಕೆ ಕೌರವ ಏನು ಹೇಳುತ್ತಾನೆ ನೋಡೋಣ ಅಂತ. ಕೌರವನ ಅರ್ಥ ಸಪ್ಪೆಯಾದರೆ ಕೃಷ್ಣನದ್ದೂ ಮೇಲೇಳುವುದಿಲ್ಲ.

ನಿಮ್ಮ ಯಜಮಾನರ ಕಥೆಗೆ ಎದುರು ಅರ್ಥ ಹೇಳುವವರು ಯಾರಿದ್ದರು? ಯಾರೂ ಇಲ್ಲದಿದ್ದರೆ ಅದು ಭಾಷಣ, ಸ್ಕೂಟರ್ ಇರಲಿ ವಿಮಾನ ಇರಲಿ. ಹಿಂದಿನ ಸಾಲಿನಲ್ಲಿ ಓಟಿ ಕೇಳಿದನಲ್ಲ, ಅವನೇ ನಿಮ್ಮ ಕೌರವ. ಅವನನ್ನು ಮುಂದೆ ಕೂರಿಸಿ.

ಸುಮ್ನೆ ಓದುವವ · ಮಂಗಳವಾರ, ರಾತ್ರಿ 10:34

ಕೌರವನಿಗೂ ಓಟಿ ಕೊಡಿಸಿ ಭಾವ.

ವಿನೋಬನಗರ ಎಚ್‌ಆರ್ · ಬುಧವಾರ, ಬೆಳಿಗ್ಗೆ 8:15

ನಾನು ಬೆಂಗಳೂರು ಕಂಪನಿಯೊಂದಕ್ಕೆ ಮನೆಯಿಂದಲೇ ಎಚ್‌ಆರ್ ಕೆಲಸ ಮಾಡುವವಳು. ನಮ್ಮವರನ್ನು ಎಲ್ಲರೂ ಬೈಯುತ್ತಾರೆ, ಬೈಯಿರಿ. ಆದರೆ ಕಥೆಯಿಂದ ಏನೂ ಆಗೋದಿಲ್ಲ ಅನ್ನುವುದು ಮಾತ್ರ ಸರಿಯಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಂದು ಕಾಲ್ ಸೆಂಟರ್ ಇತ್ತು. ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವ ಕೆಲಸ. ದಿನವಿಡೀ 'ಬೇಡ' ಅನ್ನಿಸಿಕೊಳ್ಳುವ ಕೆಲಸ ಅದು. ಆಡಂ ಗ್ರಾಂಟ್ ಮತ್ತು ಜೊತೆಯವರು ಅಲ್ಲಿ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಆ ದೇಣಿಗೆಯಿಂದ ಸ್ಕಾಲರ್‌ಶಿಪ್ ಪಡೆದು ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆತಂದು, ಫೋನ್ ಮಾಡುವವರ ಜೊತೆ ಐದು ನಿಮಿಷ ಮಾತಾಡಲು ಬಿಟ್ಟರು. ಅಷ್ಟೇ. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಸಮಯ 142 ಶೇಕಡಾ ಏರಿತ್ತು, ತಂದ ಹಣ 171 ಶೇಕಡಾ ಏರಿತ್ತು. ಇನ್ನೊಂದು ಗುಂಪಿಗೆ ಫಲಾನುಭವಿಯೊಬ್ಬರ ಪತ್ರ ಮಾತ್ರ ಓದಲು ಕೊಟ್ಟಿದ್ದರು. ಅವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಭಾವ ಹೇಳಿದ್ದೂ ಇದೇ ಅಲ್ವಾ? ಪತ್ರಕ್ಕೆ ಎದುರು ಮಾತಾಡಲಿಕ್ಕೆ ಆಗೋದಿಲ್ಲ. ಮನುಷ್ಯನಿಗೆ ಆಗುತ್ತದೆ.

ಶಿಫ್ಟು ಅವರೇ, ಒಂದು ಪ್ರಶ್ನೆ. ನೀವು ಎರಕ ಹೊಯ್ಯುವ ವಸ್ತು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಜನರಿಗೆ ಗೊತ್ತಾ?

ಮಾಚೇನಹಳ್ಳಿ ಶಿಫ್ಟು · ಬುಧವಾರ, ಮಧ್ಯಾಹ್ನ 2:20

ನಿಮ್ಮ ಪ್ರಶ್ನೆ ಓದಿ ಇವತ್ತು ಸುಮ್ನೆ ಕೇಳಿ ನೋಡಿದೆ. ಎರಕ ನಯ ಮಾಡುವ ಫೆಟ್ಲಿಂಗ್‌ ವಿಭಾಗದಲ್ಲಿ ಒಬ್ಬ ಅಕ್ಕ ಇದ್ದಾರೆ, ಹೊಳೆಹೊನ್ನೂರು ಕಡೆಯವರು. ಹನ್ನೊಂದು ವರ್ಷದಿಂದ ಒಂದೇ ಪಾರ್ಟಿನ ಅಂಚು ಉಜ್ಜುತ್ತಿದ್ದಾರೆ. 'ಇದು ಯಾವುದಕ್ಕೆ ಹಾಕ್ತಾರೆ ಗೊತ್ತಾ ಅಕ್ಕ' ಅಂದೆ. 'ನೀರಿನ ಮೋಟರಿಗಾ?' ಅಂದರು. ಅದು ಟ್ರ್ಯಾಕ್ಟರ್ ಬ್ರೇಕಿನ ಪಾರ್ಟು. ಅವರ ಮನೆ ಮುಂದೆಯೇ ಆ ಟ್ರ್ಯಾಕ್ಟರ್ ನಿಂತಿದೆಯಂತೆ, ಮೈದುನನದು. ಹೇಳಿದ ಮೇಲೆ ಒಂದು ಪಾರ್ಟು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, 'ಮತ್ತೆ ನಿನ್ನೆ ತೂತು ಇದ್ದದ್ದನ್ನ ಪುಟ್ಟಿ ಹಚ್ಚಿ ಕಳಿಸಿದರಲ್ಲ' ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಭದ್ರಾವತಿ ಪಿಂಚಣಿ · ಬುಧವಾರ, ಸಂಜೆ 5:05

ಆ ಅಕ್ಕನಿಗೆ ನನ್ನದೊಂದು ನಮಸ್ಕಾರ ಹೇಳಿ.

ನಾನು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವನು. ನಮ್ಮೂರಿನಲ್ಲಿ ಕಾರ್ಖಾನೆಯ ಕಥೆ ಹೇಳಲಿಕ್ಕೆ ಯಾರೂ ಟ್ರೈನಿಂಗ್‌ಗೆ ಹೋಗಲಿಲ್ಲ. 1918ರಲ್ಲಿ ಕೆಲಸ ಶುರು, 1923ರಲ್ಲಿ ಮೊದಲ ಕಬ್ಬಿಣ. ಕಲ್ಲಿದ್ದಲು ದೂರ, ಕಾಡು ಹತ್ತಿರ. ಹಾಗಾಗಿ ಆಗ ಕುಲುಮೆ ಉರಿಸಿದ್ದು ಮಲೆನಾಡಿನ ಸೌದೆಯ ಇದ್ದಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇ ಮೇಲೆ ತೊಟ್ಟಿಗಳಲ್ಲಿ ಇಳಿಯುತ್ತಿತ್ತು. ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಊಟದ ಬುತ್ತಿ ಬಿಚ್ಚಿದಾಗ ಹಿರಿಯರು ಹೇಳುತ್ತಿದ್ದರು. ವಿಶ್ವೇಶ್ವರಯ್ಯನವರ ಕಥೆ ಬಂದರೆ ಒಬ್ಬೊಬ್ಬರದು ಒಂದೊಂದು ಥರ. ಎಷ್ಟು ನಿಜವೋ ದೇವರಿಗೇ ಗೊತ್ತು.

ಆದರೆ ನಿಮಗೆ ಬೇಕಾದ ಕಥೆ ಅದಲ್ಲ. ಈಗ ಮಳೆಗಾಲ. ಇದನ್ನು ಕೇಳಿ.

ನಿವೃತ್ತಿ ಆದ ಮೇಲೆ ಬೇರೆ ಜಿಲ್ಲೆಯ ಒಂದು ಸಣ್ಣ ಫೌಂಡ್ರಿಗೆ ಸಲಹೆ ಕೊಡಲು ಹೋಗುತ್ತಿದ್ದೆ. ಆಷಾಢದ ಮಳೆ. ಗುಜರಿ ರಾಶಿಯ ಮೇಲಿನ ತಾಡಪಾಲು ಹರಿದಿತ್ತು. ಚಾರ್ಜ್ ಮಾಡುವ, ಅಂದರೆ ಕುಲುಮೆಗೆ ಗುಜರಿ ತುಂಬುವ ಹುಡುಗ ಚುರುಕು, ಕೈ ನಿಲ್ಲದವನು. ಕುಲುಮೆಯಲ್ಲಿ ಅರ್ಧ ಕರಗಿದ ಕಬ್ಬಿಣ ಇದೆ. ಅವನು ಒಂದು ಮೊಳದ ಪೈಪ್ ತುಂಡು ಎತ್ತಿ ಹಾಕಿದ. ಒಂದು ಬದಿ ಜಜ್ಜಿ ಮುಚ್ಚಿಹೋಗಿದ್ದ ಪೈಪು. ಒಳಗೆ ಮಳೆನೀರು, ಹೆಚ್ಚೆಂದರೆ ಅರ್ಧ ಲೋಟ. ನೀರು ಆವಿಯಾದರೆ 1,600 ಪಟ್ಟಿಗೂ ಜಾಸ್ತಿ ಜಾಗ ಬೇಕು. ಕಾದ ಕಬ್ಬಿಣದ ಕೆಳಗೆ ಆ ಜಾಗ ಎಲ್ಲಿಂದ ಬರಬೇಕು? ಸದ್ದು ಹೇಗಿತ್ತು ಅಂದರೆ, ನನಗೆ ಮೊದಲು ಕೇಳಿಸಲೇ ಇಲ್ಲ, ಎದೆಗೆ ತಾಗಿತು. ಆಮೇಲೆ ಮೇಲಿನ ಶೀಟಿನಿಂದ ಟಪಟಪ ಅಂತ ಬಿದ್ದದ್ದು ಮಳೆಹನಿ ಅಂದುಕೊಂಡೆ. ಕಬ್ಬಿಣದ ಹನಿ.

ಜೀವ ಯಾರದೂ ಹೋಗಲಿಲ್ಲ. ಹುಡುಗನ ಎಡಗಿವಿ ಮತ್ತು ಕುತ್ತಿಗೆ ಸುಟ್ಟಿತು. ಆರು ವಾರ ಬಿಟ್ಟು ಅವನು ಕೆಲಸಕ್ಕೆ ಬಂದ. ಬಂದ ದಿನದಿಂದ ಪ್ರತಿ ಪೈಪನ್ನೂ ಕಣ್ಣಿಗೆ ಹಿಡಿದು, ದೂರದರ್ಶಕದ ಹಾಗೆ ಆಚೆಯ ಬೆಳಕು ಕಂಡರೆ ಮಾತ್ರ ಚಾರ್ಜಿಗೆ ಇಡುತ್ತಿದ್ದ. ಬೆಳಕು ಕಾಣದಿದ್ದರೆ ಪಕ್ಕಕ್ಕೆ. ಯಾರೂ ಹೇಳಿಕೊಡಲಿಲ್ಲ. ಒಂದು ತಿಂಗಳಲ್ಲಿ ಇಡೀ ಶಿಫ್ಟು ಪೈಪನ್ನು ಕಣ್ಣಿಗೆ ಹಿಡಿಯಲು ಶುರು ಮಾಡಿತು. ಗೋಡೆಯ ಮೇಲೆ 'ಒದ್ದೆ ಗುಜರಿ ಅಪಾಯ' ಅಂತ ಬೋರ್ಡು ಐದು ವರ್ಷದಿಂದ ಇತ್ತು.

ಚೇಣಿ ತೋಟ · ಬುಧವಾರ, ರಾತ್ರಿ 8:48

ಪಿಂಚಣಿ ಸಾರ್, ರೋಮ ನಿಂತಿತು.

ನನ್ನದು ತೀರ್ಥಹಳ್ಳಿ ಕಡೆ ಅಡಿಕೆ. ಸ್ವಂತದ್ದು ಸ್ವಲ್ಪ, ಚೇಣಿ, ಅಂದರೆ ಬೇರೆಯವರ ತೋಟದ ಫಸಲು ಗುತ್ತಿಗೆ ಹಿಡಿದದ್ದು ಜಾಸ್ತಿ. ನಾವು ಕಂಪನಿ ಅಲ್ಲ, ಆದರೂ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು, ಔಷಧಿ ಹೊಡೆಯುವವರು, ಸುಲಿಯುವವರು ಸೇರಿ ಸೀಸನ್ನಿನಲ್ಲಿ ಮೂವತ್ತು ಜನರ ಮೇಲಾಗುತ್ತಾರೆ. ಅಡಿಕೆ ಕೊಳೆರೋಗದ ಔಷಧಿಯದ್ದೇ ನನಗೆ ತಲೆನೋವು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಲೆಕ್ಕ ಎಲ್ಲರಿಗೂ ಗೊತ್ತು. ಸುಣ್ಣ ಒಳ್ಳೇದಲ್ಲದಿದ್ದರೆ ಲೆಕ್ಕ ಕೈಕೊಡುತ್ತದೆ. ಅದಕ್ಕೇ ಕತ್ತಿ ಅದ್ದಿ ನೋಡೋದು. ಕತ್ತಿಯ ಮೇಲೆ ತಾಮ್ರ ಕೂತು ಕೆಂಪಾದರೆ ಇನ್ನೂ ಸುಣ್ಣ ಬೇಕು ಅಂತ.

ಹುಡುಗರಿಗೆ ನೂರು ಸಲ ಹೇಳಿದೆ. ಅದ್ದುತ್ತಿರಲಿಲ್ಲ. ಮಳೆ ಬಿಡುವು ಕೊಟ್ಟಿದ್ದೇ ಎರಡು ಗಂಟೆ, ಕತ್ತಿ ಅದ್ದುತ್ತಾ ಕೂರೋದಾ ಅನ್ನುತ್ತಿದ್ದರು. ಒಂದು ದಿನ ಚಾ ಕುಡಿಯುವಾಗ ನಾನೇ ಬಾಯಿ ಬಿಟ್ಟೆ. ಮದುವೆಯಾದ ಹೊಸದರಲ್ಲಿ ಮಾವನ ತೋಟಕ್ಕೆ ಔಷಧಿ ಹೊಡೆಸುವ ಜವಾಬ್ದಾರಿ ಹೊತ್ತು, ಗಡಿಬಿಡಿಯಲ್ಲಿ ಕತ್ತಿ ಅದ್ದದೆ, ಒಂದು ಸಾಲು ಗೊನೆ ಸುಟ್ಟು ಹಾಕಿದ ಕಥೆ. ಮಾವ ಏನೂ ಅನ್ನಲಿಲ್ಲ. ಹೆಂಡತಿ ಹತ್ತು ವರ್ಷ ಅಂದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಈಗ ಡ್ರಮ್ ಕಲಸಿದ ಕೂಡಲೇ ಯಾರಾದರೂ ಒಬ್ಬ, 'ಅಳಿಯಂದಿರೇ, ಕತ್ತಿ ಕೊಡಿ' ಅನ್ನುತ್ತಾನೆ. ಮರ್ಯಾದೆ ಹೋಯಿತು, ಗೊನೆ ಉಳಿಯಿತು.

ನಿಮ್ಮ ಯಜಮಾನರು ಗೆದ್ದ ಕಥೆ ಹೇಳಿದರು. ಸೋತದ್ದು ಒಂದು ಹೇಳಲಿ ನೋಡೋಣ.

ಹೊಸನಗರ ಹೋಂಸ್ಟೇ · ಬುಧವಾರ, ರಾತ್ರಿ 9:30

ಎಲ್ಲರೂ ಕಥೆಯನ್ನು ಹೊಗಳುತ್ತಿದ್ದೀರಿ, ನಾನೊಂದು ಹುಳಿ ಹಿಂಡುತ್ತೇನೆ.

ನನ್ನ ಹೋಂಸ್ಟೇಯಲ್ಲಿ ಆರು ಜನ ಕೆಲಸಕ್ಕಿದ್ದಾರೆ. ಯಾರೋ ಹೇಳಿದರು ಅಂತ, ಬಂದವರಿಗೆ ಪ್ರತಿ ತಿಂಡಿಯ ಜೊತೆ ಒಂದು ಕಥೆ ಹೇಳಿ ಅಂದೆ. ಕಡುಬಿನ ಜೊತೆ ಅಜ್ಜಿ ಕಥೆ, ಅಪ್ಪೆಮಿಡಿ ಜೊತೆ ಹೊಳೆದಂಡೆ ಮರದ ಕಥೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಹುಡುಗಿಯರು ಇಲ್ಲದ ಅಜ್ಜಿಯನ್ನು ಹುಟ್ಟಿಸಿದರು. ಪೇಟೆಯಿಂದ ತಂದ ಉಪ್ಪಿನಕಾಯಿಗೂ ಹೊಳೆದಂಡೆ ಬಂತು. ಒಬ್ಬಳು ಒಂದು ರಾತ್ರಿ ಪಾತ್ರೆ ತೊಳೆಯುತ್ತಾ, 'ಅಕ್ಕಾ, ಗುಡಿಸೋದು ಒರೆಸೋದು ಎಷ್ಟು ಬೇಕಾದರೂ ಮಾಡ್ತೀನಿ, ಸುಳ್ಳು ಹೇಳೋ ಕೆಲಸ ಬೇರೆಯವರಿಗೆ ಕೊಡಿ' ಅಂದಳು. ಮರುದಿನವೇ ನಿಲ್ಲಿಸಿದೆ.

ಕಥೆಯನ್ನು ಡ್ಯೂಟಿ ಮಾಡಿದರೆ ಹೀಗಾಗುತ್ತದೆ. ಪ್ರತಿ ಸೋಮವಾರ ಯಾರ ಹತ್ತಿರ ಕಥೆ ಇರುತ್ತದೆ ಹೇಳಿ? ಮಕ್ಕಳಿಗೆ ಕಥೆ ಹೇಳುವಾಗ ಅವು ಹೂಂಗುಟ್ಟದಿದ್ದರೆ ನಾವು ನಿಲ್ಲಿಸುತ್ತೇವೆ. ನಿಮ್ಮ ಅರವತ್ತು ಜನರಲ್ಲಿ ಹೂಂ ಅಂದವರು ಎಷ್ಟು?

ದುರ್ಗಿಗುಡಿ ರಿಪೇರಿ · ಗುರುವಾರ, ಬೆಳಿಗ್ಗೆ 11:10

ನಾನು ಜೆರಾಕ್ಸ್ ಮಷಿನ್ ರಿಪೇರಿ ಮಾಡುವವನು, ಇಪ್ಪತ್ತು ವರ್ಷ ಆಯಿತು. ನಮ್ಮ ಕಸುಬಿನ ಬಗ್ಗೆಯೇ ಒಂದು ದೊಡ್ಡ ಅಧ್ಯಯನ ಇದೆ ಅಂತ ಇಲ್ಲಿ ಯಾರಿಗಾದರೂ ಗೊತ್ತಾ? ಜೂಲಿಯನ್ ಆರ್ ಅನ್ನುವವರು ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿದ್ದರು. ಮಾನವಶಾಸ್ತ್ರ ಓದಿದವರು. ಬುಡಕಟ್ಟು ಜನರ ಜೊತೆ ಇದ್ದು ಅಧ್ಯಯನ ಮಾಡುವ ಹಾಗೆ, 1980ರ ದಶಕದಲ್ಲಿ ರಿಪೇರಿಯವರ ಜೊತೆ ತಿರುಗಾಡಿದರು. ಕಂಪನಿ ದಪ್ಪ ಕೈಪಿಡಿ ಕೊಟ್ಟಿತ್ತು. ಇವರು ಕಷ್ಟದ ಕೇಸುಗಳನ್ನು ಬಿಡಿಸುತ್ತಿದ್ದದ್ದು ಮಾತ್ರ ತಿಂಡಿ ತಿನ್ನುತ್ತಾ ಹೇಳಿಕೊಂಡ ಕಥೆಗಳಿಂದ. 'ಆ ಆಫೀಸಿನ ಮಷಿನ್ ಹೀಗೆ ಆಟ ಆಡಿಸಿತು, ನಾನು ಹೀಗೆ ಹಿಡಿದೆ' ಅನ್ನುವ ಥರದ್ದು.

ಮುಂದೆ ಕಂಪನಿ ಇಂಥ ಸುಳಿವುಗಳನ್ನು ಸೇರಿಸಲು ಯುರೇಕಾ ಅಂತ ಒಂದು ವ್ಯವಸ್ಥೆ ಮಾಡಿತು. ಸುಳಿವು ಬರೆದವನ ಹೆಸರು ಅದರ ಜೊತೆಗೇ ಇರುತ್ತಿತ್ತು. ನಮ್ಮಂಥವರಿಗೆ ಅದು ದೊಡ್ಡ ವಿಷಯ. ನಾನು ಕಂಡುಹಿಡಿದ ಒಂದು ಉಪಾಯವನ್ನು ಇವತ್ತು ಪೇಟೆಯಲ್ಲಿ ಹತ್ತು ಜನ ಮಾಡುತ್ತಾರೆ. ಒಬ್ಬನೂ ನನ್ನ ಹೆಸರು ಹೇಳೋದಿಲ್ಲ.

ಹೋಂಸ್ಟೇ ಅಕ್ಕ ಹೇಳಿದ್ದು ಸರಿ. ಡ್ಯೂಟಿ ಮಾಡಬೇಡಿ. ನಿಮ್ಮ ಕ್ಯಾಂಟೀನಿನಲ್ಲಿ ಈಗಾಗಲೇ ಕಥೆ ನಡೆಯುತ್ತಿದೆ. ಯಜಮಾನರು ಅಲ್ಲಿ ಒಂದು ಚಾ ಕುಡಿಯಲಿ, ಬಾಯಿ ಮುಚ್ಚಿಕೊಂಡು.

ವಿನೋಬನಗರ ಎಚ್‌ಆರ್ · ಗುರುವಾರ, ಮಧ್ಯಾಹ್ನ 1:00

ಟ್ರೈನಿಂಗ್‌ಗಳಲ್ಲಿ ವಿಶ್ವಬ್ಯಾಂಕಿನ ಸ್ಟೀಫನ್ ಡೆನ್ನಿಂಗ್ ಉದಾಹರಣೆ ಕೊಡುತ್ತಾರೆ. ಜ್ಞಾನ ಹಂಚಿಕೊಳ್ಳಿ ಅಂತ ಚಾರ್ಟ್ ತೋರಿಸಿ ಸೋತ ಮನುಷ್ಯ. 1996ರಲ್ಲಿ ಚಾರ್ಟ್ ಬಿಟ್ಟು ಒಂದೇ ಒಂದು ಸಂಗತಿ ಹೇಳಲು ಶುರು ಮಾಡಿದರು. ಜಾಂಬಿಯಾದ ಕಮಾನ ಅನ್ನುವ ಸಣ್ಣ ಊರಿನ ಆರೋಗ್ಯ ಕಾರ್ಯಕರ್ತ, 1995ರಲ್ಲಿ, ಮಲೇರಿಯಾ ಬಗ್ಗೆ ಉತ್ತರ ಹುಡುಕಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವೆಬ್‌ಸೈಟ್ ತೆರೆದು ಉತ್ತರ ಪಡೆದ. ಬಡತನದ ಬಗ್ಗೆ ಅಷ್ಟೆಲ್ಲ ತಿಳಿದಿರುವ ವಿಶ್ವಬ್ಯಾಂಕು ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಎರಡು ನಿಮಿಷವೂ ಬೇಡದ ಕಥೆ. ಕೇಳಿದವರು ತಾವೇ ಯೋಚನೆ ಮಾಡಲು ಶುರು ಮಾಡಿದರಂತೆ. ಹತ್ತು ನಿಮಿಷ ತುಂಬಿಸಬೇಕು ಅಂತ ಇಲ್ಲ ಅಂತ ಹೇಳಲು ಇದನ್ನು ಹೇಳಿದೆ.

ಮಾಚೇನಹಳ್ಳಿ ಶಿಫ್ಟು · ಗುರುವಾರ, ರಾತ್ರಿ 10:05

ಎಲ್ಲ ಸರಿ. ಹಿಂದಿಯವರಿಗೆ ಏನು ಮಾಡಲಿ? ನನ್ನ ಹಿಂದಿ ಕೇಳಿದರೆ ಅವರು ಅಳುತ್ತಾರೆ.

ಭದ್ರಾವತಿ ಪಿಂಚಣಿ · ಗುರುವಾರ, ರಾತ್ರಿ 10:20

ಪೈಪ್ ತುಂಡು ಮೇಜಿನ ಮೇಲೆ ಇಡಿ. ಅದಕ್ಕೆ ಭಾಷೆ ಬೇಡ. ಆ ಅಕ್ಕ ಹೇಳಿದ ತೂತಿನ ಪಾರ್ಟ್ ಇನ್ನೊಂದು ಸಿಕ್ಕರೆ ನಡುವೆ ಕೊಯ್ದು ಅದನ್ನೂ ಇಡಿ. ಆಮೇಲೆ ಓಟಿ ವಿಷಯ: 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ. ಅದನ್ನು ಬಾಕಿ ಇಟ್ಟುಕೊಂಡು ಯಾವ ಕಥೆ ಹೇಳಿದರೂ ಜನ ಕೇಳುವುದು ಆ ಬಾಕಿಯನ್ನೇ. ನಿಮ್ಮ ಯಜಮಾನರಿಗೆ ಹಿರಿಯನೊಬ್ಬ ಹೇಳಿದ ಅಂತ ಹೇಳಿ.

ಸಾಗರದ ಭಾವ · ಸೋಮವಾರ, ಬೆಳಿಗ್ಗೆ 7:00

ಏನಾಯಿತು ಮಾರಾಯ್ರೇ? ನಾವೆಲ್ಲ ಜಗಲಿಯಲ್ಲೇ ಕೂತಿದ್ದೇವೆ.

ಮಾಚೇನಹಳ್ಳಿ ಶಿಫ್ಟು · ಸೋಮವಾರ, ಸಂಜೆ 4:40

ಈಗ ಮನೆಗೆ ಬಂದೆ. ಬರೆಯುತ್ತೇನೆ.

ಭಾನುವಾರವೇ ಯಜಮಾನರಿಗೆ ಫೋನ್ ಮಾಡಿ ಎರಡು ವಿಷಯ ಹೇಳಿದೆ. ಹತ್ತು ನಿಮಿಷ ಶಿಫ್ಟಿನ ಒಳಗೇ ಆಗಬೇಕು. ನಾನು ಕಥೆ ಹೇಳೋದಿಲ್ಲ, ಕೇಳುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಗೊಣಗಿದರು. ಎರಡನೆಯದು ಅವರಿಗೆ ಅರ್ಥ ಆದ ಹಾಗೆ ಕಾಣಲಿಲ್ಲ, ಹೂಂ ಅಂದರು.

ಬೆಳಿಗ್ಗೆ ಧೋ ಅಂತ ಮಳೆ. ಒಂದು ಬದಿ ಜಜ್ಜಿದ ಪೈಪ್ ತುಂಡು ನಮ್ಮ ರಾಶಿಯಲ್ಲೇ ಸಿಕ್ಕಿತು, ಹುಡುಕಬೇಕಾಗಲಿಲ್ಲ. ಅದನ್ನು ಮೇಜಿನ ಮೇಲೆ ಬಗ್ಗಿಸಿದೆ. ನೀರು ಸುರಿದು ಮೇಜಿನ ಅಂಚಿನಿಂದ ಕೆಳಗಿಳಿಯಿತು. ಇಷ್ಟು ನೀರು ಕುಲುಮೆಗೆ ಹೋದದ್ದನ್ನು ಯಾರಾದರೂ ನೋಡಿದ್ದೀರಾ ಅಂದೆ. ಅಷ್ಟೇ ನನ್ನ ಮಾತು.

ಯಾರೂ ಬಾಯಿ ಬಿಡಲಿಲ್ಲ. ಎರಡು ನಿಮಿಷ ಇರಬಹುದು, ನನಗೆ ಅರ್ಧ ಗಂಟೆ ಅನ್ನಿಸಿತು. ಯಜಮಾನರು ಗಂಟಲು ಸರಿ ಮಾಡಿಕೊಂಡರು, ಸ್ಕೂಟರ್ ಬಂತು ಅಂದುಕೊಂಡೆ. ಅಷ್ಟರಲ್ಲಿ ಒಡಿಶಾದ ಒಬ್ಬ ಹುಡುಗ ಕೈ ಎತ್ತಿದ. ನಮ್ಮಲ್ಲಿ ಎಂಟು ತಿಂಗಳಿಂದ ಇದ್ದಾನೆ, ಇವತ್ತಿನ ತನಕ ಅವನ ದನಿ ನಾನು ಕೇಳಿರಲಿಲ್ಲ. ಹಿಂದೆ ಇದ್ದ ಕಡೆ ಅವನ ಊರಿನವನೇ ಒಬ್ಬನಿಗೆ ಹೀಗಾದದ್ದನ್ನು ಹಿಂದಿಯಲ್ಲಿ ಹೇಳಿದ. ಕೈ ಮೇಲೆತ್ತಿ ಬೆರಳು ಬಿಡಿಸಿ, ಕಬ್ಬಿಣ ಹೇಗೆ ಹಾರಿತು ಅಂತ ತೋರಿಸಿದ. ನಮ್ಮ ಮೋಲ್ಡರ್ ಒಬ್ಬರು ಅದನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದರು. ಅರ್ಥಧಾರಿಯ ಹಾಗೆಯೇ ಕಂಡಿತು, ಭಾವ.

ಆಮೇಲೆ ನಿಮ್ಮ ಕೌರವ ಎದ್ದ. ಅದೇ ಓಟಿಯವನು. 'ಪೈಪ್ ಬಗ್ಗಿಸಿ ನೋಡೋದು ನಮ್ಮ ಕೆಲಸ, ಸರಿ. ರಾಶಿ ಮೇಲೆ ಶೀಟು ಹಾಕಿ ಅಂತ ಮೇ ತಿಂಗಳಲ್ಲಿ ಬರೆದುಕೊಟ್ಟಿದ್ದೆವು. ಅದು ಯಾರ ಕೆಲಸ?' ಅಂದ. ಈ ಸಲ ಮೆಲ್ಲಗೆ ಅಲ್ಲ. ಯಜಮಾನರ ಮುಖ ಕೆಂಪಾಯಿತು, ಚೇಣಿಯವರ ಕತ್ತಿಯ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಚೀಟಿ ನನ್ನ ಡ್ರಾಯರಿನಲ್ಲೇ ಇದೆ, ಮರೆತೆ' ಅಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಮರೆತೆ ಅನ್ನುವ ಮಾತು ನಾನು ಕೇಳಿದ್ದು ಇದೇ ಮೊದಲು. ಮಧ್ಯಾಹ್ನ ಊಟದ ಹೊತ್ತಿಗೆ ತಾಡಪಾಲು ಬಂತು. ಶೀಟಿನ ಚಾವಣಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ.

ತೂತಿನ ಪಾರ್ಟ್ ಕೊಯ್ದು ಇಡುವ ಧೈರ್ಯ ನನಗೆ ಬರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ಸುಮ್ನೆ ಓದುವವ · ಸೋಮವಾರ, ಸಂಜೆ 4:43

ಓಟಿ?

ಮಾಚೇನಹಳ್ಳಿ ಶಿಫ್ಟು · ಸೋಮವಾರ, ಸಂಜೆ 4:50

ಒಂದು ತಿಂಗಳದ್ದು ಈ ಶನಿವಾರ, ಇನ್ನೊಂದು ತಿಂಗಳದ್ದು ಹತ್ತನೇ ತಾರೀಕು ಅಂದಿದ್ದಾರೆ. ಬಂದ ಮೇಲೆ ಹೇಳುತ್ತೇನೆ.

ಮುಂದಿನ ಸೋಮವಾರಕ್ಕೆ ಯಾರ ಹೆಸರನ್ನೂ ಹಾಕಿಲ್ಲ. ಯಾರಿಗಾದರೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಮಾಡಿದ್ದೇವೆ. ಆದರೆ ಶಿಫ್ಟ್ ಬಿಟ್ಟು ಹೊರಡುವಾಗ ಫೆಟ್ಲಿಂಗ್ ಅಕ್ಕ ಗೇಟಿನ ಹತ್ತಿರ ನಿಲ್ಲಿಸಿದರು. ಚೀಲದಿಂದ ಒಂದು ಪಾರ್ಟು ತೆಗೆದು ತೋರಿಸಿದರು, ಪುಟ್ಟಿ ಹಚ್ಚಿದ್ದು. 'ಇದನ್ನ ಮೇಜಿನ ಮೇಲೆ ಇಡಬಹುದಾ?' ಅಂತ ಕೇಳಿದರು.